ನಡುವಿನ ನಟ್ಟು

ಮರಿಸ್ವಾಮಿಯವರ ಮನೆಯಲ್ಲಿ ಮರಿಸ್ವಾಮಿಯವರಿಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಅವರಿದ್ದರೆ ಅರ್ಧಕ್ಕರ್ಧ ಕೆಲಸ ನೆಟ್ಟಗೆ ನಡೆಯುತ್ತಿರಲಿಲ್ಲ. ಇದು ಅವರ ಹೆಂಡತಿ ಸಂಗಮ್ಮನಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಹೇಳುವುದಕ್ಕೆ ಮಾತ್ರ ಬಾಯಿ ಬಂದಿರಲಿಲ್ಲ. ಹೊಸಪೇಟೆಯ ಬಜಾರಿನಲ್ಲಿ ಅವರದು ಕಾಳುಕಡಿಯ ಅಂಗಡಿ. ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದು ಹೇಗೆ ಎಂದು ಹೇಳಿ ಮುಗಿಸಿ, ಮನೆಗೆ ಬಂದು ಹಪ್ಪಳದ ಹಿಟ್ಟಿಗೆ ಉಪ್ಪೆಷ್ಟು ಎಂದು ಹೇಳುವವರು ಅವರು. ಹೇಳಿದ್ದು ಸರಿಯಾದರೆ ತಾನು ಹೇಳಿದ್ದಕ್ಕೆ ಸರಿಯಾಯಿತು, ಕೆಟ್ಟರೆ ಮಾಡಿದವರಿಂದ ಕೆಟ್ಟಿತು. ಲೆಕ್ಕ ಸುಲಭವಾಗಿತ್ತು.

ಇಂಥ ಮನೆಯಲ್ಲಿ ಅಪ್ಪನಿಗೆ ಗೊತ್ತಿಲ್ಲದ ಕೆಲಸ ಒಂದೇ ಒಂದಿತ್ತು. ಅದು ಮಗ ಹಾಲಸ್ವಾಮಿಯ ಮೋಟಾರು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಸಾಹೇಬನಿಂದ ಹಳೆಯ ಗಾಡಿ ಕೊಂಡು, ಸ್ಟೇಷನ್ನಿಗೆ ಇಳಿದವರನ್ನು ಹಂಪಿಗೆ, ಕಂಪ್ಲಿಗೆ, ಒಮ್ಮೊಮ್ಮೆ ಸಂಡೂರಿಗೆ ಬಾಡಿಗೆ ಹೊಡೆಯುತ್ತಿದ್ದ. ಯುದ್ಧದಿಂದಾಗಿ ಪೆಟ್ರೋಲು ಅಳತೆಯ ಮೇಲೆ ಸಿಗುತ್ತಿದ್ದರೂ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದ. ಅಂಗಡಿಯಲ್ಲಿ ಮಾತೇ ಆಡದ ಹುಡುಗ ಮೋಟಾರಿನ ಮುಂದೆ ಕೂತರೆ ಹಾಡು ಹೇಳುತ್ತಿದ್ದ. ಸಂಗಮ್ಮನಿಗೆ ಆ ಗಾಡಿಯ ಮೇಲೆ ಪ್ರೀತಿ ಬಂದದ್ದು ಆ ಹಾಡಿಗಾಗಿ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ದಿನ ಗಾಡಿ ಸಂಡೂರಿನ ಘಾಟಿಯಲ್ಲಿ ಕುದಿಯಿತು. ಸಂಜೆಯ ಹೊತ್ತಿಗೆ ಕೆಮ್ಮುತ್ತ, ಹಿಂದಿನಿಂದ ಬಿಳಿ ಹೊಗೆ ಬಿಡುತ್ತ ಹಿತ್ತಲಿಗೆ ಬಂದು ಬೇವಿನ ಗಿಡದ ಕೆಳಗೆ ನಿಂತಿತು.

"ಘಾಟಿ ಹತ್ತೋ ಮುಂದ ನೀರು ನೋಡಿದ್ದೇನಲೇ?" ಎಂದರು ಮರಿಸ್ವಾಮಿ.

"ನೋಡಿದ್ದೆ ಅಪ್ಪಾ. ಕುದ್ದು ಹೋತು."

"ನೋಡಿದ್ರ ಹ್ಯಾಂಗ ಕುದೀತು?"

ಹಾಲಸ್ವಾಮಿ ಅವ್ವನ ಹಳೆಯ ಸೀರೆ ಕೇಳಿ ಇಸಿದುಕೊಂಡು ನೆಲಕ್ಕೆ ಹಾಸಿ, ಇಂಜಿನ್ನು ಬಿಚ್ಚಲು ಕೂತ. ಇಂಜಿನ್ನಿನ ಮೈಗೂ ತಲೆಗೂ ನಡುವೆ ಒಂದು ತೆಳ್ಳನೆಯ ತಗಡು ಇರುತ್ತದೆ. ಬೆಂಕಿಯನ್ನು ಬೆಂಕಿಯ ಕಡೆ, ನೀರನ್ನು ನೀರಿನ ಕಡೆ ಇಡುವುದು ಅದರ ಕೆಲಸ. ಗ್ಯಾಸ್ಕೆಟ್ಟು ಎನ್ನುತ್ತಾರೆ. ಅದು ಸುಟ್ಟುಹೋಗಿತ್ತು. ಹೆಂಡತಿ ಚೆನ್ನಬಸಮ್ಮನೂ ತಾನೂ ಎರಡು ಕಡೆ ಹಿಡಿದು ಭಾರವಾದ ಕಬ್ಬಿಣದ ತಲೆಯನ್ನು ಎತ್ತಿ ಇಳಿಸಿದಾಗ, ತಗಡಿನಲ್ಲಿ ಬೆರಳು ತೂರುವಷ್ಟು ಸಂದಿ ಕಂಡಿತು.

ಹೊಸದನ್ನು ತರಿಸೋಣವೆಂದರೆ ಬಳ್ಳಾರಿಯಲ್ಲಿ ಇರಲಿಲ್ಲ. ಮದರಾಸಿನ ಸಾಮಾನೆಲ್ಲ ಮಿಲಿಟರಿಗೆ ಹೋಗುತ್ತಿತ್ತು. ತಾಮ್ರದ ತಗಡು ಸಿಕ್ಕರೆ ತಾನೇ ಕೊಯ್ದು ಹಾಕುತ್ತೇನೆ ಎಂದ ಹಾಲಸ್ವಾಮಿ. ತಾಮ್ರವೂ ಬಜಾರಿನಲ್ಲಿ ಇರಲಿಲ್ಲ. ಇದ್ದದ್ದು ಬಚ್ಚಲಲ್ಲಿ ನೀರು ಕಾಸುವ ಹಂಡೆಯೊಂದೇ. ಹಂಡೆ ಮುದುಕಮ್ಮನದು.

ಮುದುಕಮ್ಮ ಮರಿಸ್ವಾಮಿಯವರ ತಾಯಿ. ಬೇಕಾದಾಗ ಕಿವಿ ಕೇಳುತ್ತಿತ್ತು, ಬೇಡವಾದಾಗ ಕೇಳುತ್ತಿರಲಿಲ್ಲ. ಹಂಡೆಯ ಮಾತನ್ನು ಪಡಸಾಲೆಯ ಆ ತುದಿಯಲ್ಲಿ ಪಿಸುಗುಟ್ಟಿದರೂ ಅವಳಿಗೆ ಕೇಳಿಸಿತು.

"ನನ್ನ ತವರಿನ ಹಂಡೆ ಒಡದು ಮೋಟಾರಿಗೆ ಹಚ್ತೀರೇನು? ನಾ ಸತ್ತ ದಿನ ನೀರು ಯಾತರಾಗ ಕಾಸ್ತೀರಿ?"

"ಅಜ್ಜೀ, ಅದರ ತಳ ಹೆಂಗೂ ಸೋರತೈತಿ," ಎಂದ ಹಾಲಸ್ವಾಮಿ.

"ಸೋರ್ಲಿ. ನನ್ನ ಹಂಡೆ, ನನ್ನ ಬಚ್ಚಲ, ಸೋರ್ಲಿ."

"ಗಾಡಿ ಸುರು ಆದ ದಿನ ನಿನ್ನ ಹಂಪಿಗೆ ಕರಕೊಂಡು ಹೋಗ್ತೀನಿ. ಗುಡಿ ಬಾಗಿಲ ಮುಂದಽ ಇಳಸ್ತೀನಿ."

ಮುದುಕಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಸ್ನಾನ ಮುಗಿಸಿ, "ತಗೊಂಡು ಹೋಗ್ರಿ. ಹಿಂದಿನ ಸೀಟು ನಂದು," ಎಂದಳು.

ಕಂಚುಗಾರರು ಹಂಡೆಯ ಬಗಲನ್ನು ಕೊಯ್ದು ಬಡಿದು ಸಪಾಟು ಮಾಡಿಕೊಟ್ಟರು. ಹಾಲಸ್ವಾಮಿ ಸುಟ್ಟ ತಗಡನ್ನು ಅದರ ಮೇಲಿಟ್ಟು ತೂತುಗಳನ್ನು ಗೀರಿಕೊಂಡು ಉಳಿಯಿಂದ ಕೊಯ್ದ. ಚೆನ್ನಬಸಮ್ಮ ರೊಟ್ಟಿ ಬಡಿದು ಮುಗಿಸಿ ಬಂದು, ಕೂತು, ಒಂದೊಂದೇ ತೂತಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದಳು. ಗಂಡ ಹೆಂಡತಿ ಒಟ್ಟಿಗೆ ಕೂತು ಕೆಲಸ ಮಾಡುವುದನ್ನು ಆ ಮನೆಯ ಹಿತ್ತಲು ಅದೇ ಮೊದಲು ಕಂಡದ್ದು. ತಾಮ್ರದ ಕಿಲುಬು ಕೈಗೆ ಹತ್ತಿ, ಅವಳು ಹಿಟ್ಟು ಕಲಸುವ ಮುಂಚೆ ಹುಣಸೆಹಣ್ಣಿನಿಂದ ಕೈ ತಿಕ್ಕಿಕೊಳ್ಳಬೇಕಾಗುತ್ತಿತ್ತು. ಕೊನೆಗೆ ತಗಡನ್ನು ಬಚ್ಚಲ ಒಲೆಯಲ್ಲಿ ಕೆಂಪಗೆ ಕಾಸಿ ನೀರಲ್ಲಿ ಅದ್ದಿದರು. ತಾಮ್ರ ಹಾಗೆ ಮಾಡಿದರೆ ಮೆತ್ತಗಾಗುತ್ತದೆ.

ತಲೆಯನ್ನು ಕೂರಿಸುವ ದಿನ ಮರಿಸ್ವಾಮಿ ಅಂಗಡಿಗೆ ಹೋಗಲಿಲ್ಲ. ಇಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿ, ಪಂಚೆ ಎತ್ತಿ ಕಟ್ಟಿದರು. ಹಾಲಸ್ವಾಮಿ ಪಾನಾ ಹಿಡಿದು ನಟ್ಟಿಗೆ ಕೈ ಹಾಕಿದ್ದೇ ತಡ, "ನಿಂದ್ರು!" ಎಂದರು.

"ಯಾಕ್ರಿ ಅಪ್ಪಾ?"

"ಮದಲನೇ ನಟ್ಟು ಯಾವುದು?"

"ಯಾವುದಾದ್ರೇನ್ರಿ? ಎಲ್ಲಾನೂ ಬಿಗೀಬೇಕು."

"ಯಾವುದಾದ್ರೇನಂತ ಕೇಳ್ತಾನ ನೋಡು! ಹುಟ್ಟಿದ ಮನಿ ಎಂಥಾದ್ದಂತ ಗೊತ್ತೈತೇನು ನಿನಗ? ಮೂಡಲ ಮೂಲಿಯಿಂದ ಸುರು ಆಗಬೇಕು. ಬಲಕ್ಕ ಸುತ್ತಿ, ಪ್ರದಕ್ಷಿಣೆ ಹಾಕಿ ಬರಬೇಕು. ತಾ ಇಲ್ಲಿ."

ಪಾನಾ ಕಸಿದುಕೊಂಡು ತಾವೇ ಬಿಗಿದರು. ಮೂಡಲ ಮೂಲೆಯ ನಟ್ಟನ್ನು ಮೈಯ ಬಲವೆಲ್ಲ ಹಾಕಿ ಕಚ್ಚಿಸಿ, ಅದರ ಬಲಕ್ಕಿದ್ದದ್ದನ್ನು ಹಾಗೆಯೇ ಕಚ್ಚಿಸಿ, ಅಂಚಿನ ಸುತ್ತಲೂ ಬಂದು, ನಡುವಿನವಕ್ಕೆ ಬರುವ ಹೊತ್ತಿಗೆ ಉಸಿರು ಸೋತಿತ್ತು. "ಒಮ್ಮೆಲೇ ಅಷ್ಟು ಬಿಗಿ ಬ್ಯಾಡ್ರಿ ಅಪ್ಪಾ," ಎಂದು ಹಾಲಸ್ವಾಮಿ ಒಂದು ಸಲ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾಡಿ ಸುರುವಾಯಿತು. ಓಣಿಯವರು ಬಂದು ನಿಂತರು, ಸಂಗಮ್ಮ ಎಲ್ಲರ ಕೈಗೂ ಬೆಲ್ಲ ಕೊಟ್ಟಳು. ಬೆಲ್ಲ ಬಾಯಲ್ಲಿ ಕರಗುವಷ್ಟರಲ್ಲಿ ಹಿಂದಿನಿಂದ ಬಿಳಿ ಹೊಗೆ ಎದ್ದಿತು, ಮುಂದಿನಿಂದ ನೀರು ಬುಗ್ಗೆಯಾಗಿ ಚಿಮ್ಮಿತು.

"ತಗಡು ಕೊಯ್ಯಾಕ ಬರಂಗಿಲ್ಲ ಮಗನಿಗೆ," ಎಂದು ಮರಿಸ್ವಾಮಿ ನೆರೆದವರೆದುರಿಗೆ ಅಂದು, ಕೈ ತೊಳೆದುಕೊಂಡು ಅಂಗಡಿಗೆ ನಡೆದರು. ಹಾಲಸ್ವಾಮಿ ಮತ್ತೆ ಬಿಚ್ಚಿ ನೋಡಿದ. ನಡುವಿನ ಎರಡು ತೂತುಗಳ ಮಧ್ಯೆ ಕರಿಯ ಗೆರೆ ಬಿದ್ದಿತ್ತು. ತನ್ನ ಕೊಯ್ತವೇ ತಪ್ಪಿರಬೇಕು ಎಂದು ಅವನೂ ನಂಬಿದ. ಅಪ್ಪ ಹೇಳಿದ್ದನ್ನು ನಂಬಿಯೇ ಬೆಳೆದ ಹುಡುಗ.

ಅಲ್ಲಿಂದ ಮನೆಯ ಊಟ ಕೆಟ್ಟಿತು. ಅಡಿಗೆ ಕೆಟ್ಟಿತೆಂದಲ್ಲ. ಪುಂಡಿಪಲ್ಲೆ, ಬಿಸಿರೊಟ್ಟಿ, ಗುರೆಳ್ಳು ಪುಡಿ ಎಂದಿನ ಹಾಗೇ ಇದ್ದವು. ಆದರೆ ಮರಿಸ್ವಾಮಿ ತುತ್ತಿಗೊಂದು ಮಾತು ಕುಟುಕುತ್ತಿದ್ದರು. ಹಂಡೆ ಹೋಯಿತು, ಬಾಡಿಗೆ ಹೋಯಿತು, ಮಾನ ಹೋಯಿತು. ಹಾಲಸ್ವಾಮಿ ತಲೆ ಎತ್ತದೆ ಉಂಡು ಅಂಗಡಿಗೆ ಹೋಗಿ ಚೀಲ ಹೊಲಿಯುತ್ತಿದ್ದ. ಬಚ್ಚಲಲ್ಲಿ ಈಗ ಮಣ್ಣಿನ ಗಡಿಗೆಗಳು ಕೂತಿದ್ದವು. ಒಬ್ಬರು ಮೈ ತೊಳೆಯುವಷ್ಟು ನೀರು ಕಾಯಲು ಎರಡು ಪಟ್ಟು ಕಟ್ಟಿಗೆ ಬೇಕಾಗುತ್ತಿತ್ತು. ಮುದುಕಮ್ಮ ತಣ್ಣೀರು ಮೈಮೇಲೆ ಬಿದ್ದಾಗಲೆಲ್ಲ ಹಂಡೆಯ ಹೆಸರು ಹಿಡಿದು ಅಳುತ್ತಿದ್ದಳು.

ಆ ದಿನಗಳಲ್ಲಿ ಬಜಾರಿನಲ್ಲಿ ತಮಟೆ ಬಾರಿಸಿಕೊಂಡು ಮಿಲಿಟರಿಗೆ ಆಳು ಕರೆಯುತ್ತಿದ್ದರು. ಮೋಟಾರು ನಡೆಸಬಲ್ಲವರಿಗೆ ಸಂಬಳ ಬೇರೆ, ಮರ್ಯಾದೆ ಬೇರೆ ಎಂದು ಸಾರುತ್ತಿದ್ದರು. ಮರಿಸ್ವಾಮಿ ಅದನ್ನೂ ಊಟಕ್ಕೆ ತಂದರು.

"ಹೋಗಲೇ, ಮಿಲಿಟರಿಗೆ ಹೋಗು. ಅಲ್ಲೇನು ಕೆಡಿಸಿದ್ರೂ ಸರ್ಕಾರದ ಗಾಡಿ. ಕೇಳೋರು ಯಾರು?"

"ಬಿಡ್ತು ಅನ್ರಿ," ಎಂದಳು ಸಂಗಮ್ಮ. "ಉಣ್ಣೋ ಹೊತ್ತಿನ್ಯಾಗ ಎಂಥಾ ಮಾತು!"

ಹಾಲಸ್ವಾಮಿ ಅಂದು ಮೊದಲ ಸಲ ತಲೆ ಎತ್ತಿ ಅಪ್ಪನನ್ನು ನೋಡಿದ. ಸಿಟ್ಟಿನಿಂದಲ್ಲ, ಏನೋ ಕೇಳಿಸಿಕೊಂಡವನ ಹಾಗೆ ನೋಡಿದ. ಸಂಗಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಇದ್ದೊಬ್ಬ ಮಗ. ಬರ್ಮಾದ ಕಡೆ ಹೋದವರಲ್ಲಿ ಹೊಸಪೇಟೆಗೆ ತಿರುಗಿ ಬಂದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮರುವಾರ ಪಕ್ಕೀರಪ್ಪ ಬಂದ. ಸಂಗಮ್ಮನ ತವರೂರಾದ ವಡ್ಡಿನವನು, ಸಂಡೂರಿನ ಗಣಿಯಲ್ಲಿ ಯಂತ್ರಗಳ ಫಿಟ್ಟರು. ಅಂಗಡಿಯಲ್ಲಿ ಜೋಳ ಕೊಂಡು, ಅಕ್ಕನನ್ನು ಮಾತಾಡಿಸಲು ಮನೆಗೆ ಬಂದಿದ್ದ. ಹಾಲಸ್ವಾಮಿ ಅಂಗಡಿಯ ಎತ್ತಿನಗಾಡಿ ಹೊಡೆಯುವ ಪಾಲಪ್ಪನ ಜೊತೆ ಅಕ್ಕಿ ತರಲು ಕಂಪ್ಲಿಗೆ ಹೋಗಿದ್ದ. ಮಜ್ಜಿಗೆ ಕುಡಿಯುತ್ತ ಹಿತ್ತಲಿಗೆ ಬಂದ ಪಕ್ಕೀರಪ್ಪ ತಗಡನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದ.

"ಇದನ್ನ ಕೊಯ್ದಾಂವ ಯಾರಕ್ಕಾ?"

"ನಮ್ಮ ಹಾಲಸ್ವಾಮಿ. ಯಾಕಪ್ಪಾ, ಭಾಳ ತಪ್ಪೈತೇನು?"

"ಮಸ್ತ್ ಕೊಯ್ದಾನ. ಬಿಗಿದಾಂವ ಯಾರು?"

ಸಂಗಮ್ಮ ಅವನ ಲೋಟಕ್ಕೆ ಮತ್ತಷ್ಟು ಮಜ್ಜಿಗೆ ಸುರುವಿದಳು.

"ನೋಡು, ಅಂಚಿನ ಸುತ್ತ ಒತ್ತಿ ಕಚ್ಚೈತಿ. ನಡುವೆ ಹಿಡದಽ ಇಲ್ಲ. ಅಂಚಿನಿಂದ ಸುತ್ತು ಹಾಕ್ಕೊಂತ ಬಿಗಿದಾರ. ಹಂಗ ಬಿಗಿಯಂಗಿಲ್ಲಕ್ಕಾ. ನಡುವಿನ ನಟ್ಟಿನಿಂದ ಸುರು ಮಾಡಿ ಹೊರಗ ಹೊರಗ ಬರಬೇಕು. ಅದೂ ಸ್ವಲ್ಪ ಸ್ವಲ್ಪ. ತಗಡೇನು ಕೆಟ್ಟಿಲ್ಲ. ಕಾಸಿ ಅದ್ದಿದ್ರ ಮತ್ತ ಹಾಕಬಹುದು."

ಹಿತ್ತಲ ಬಾಗಿಲಲ್ಲಿ ಮರಿಸ್ವಾಮಿ ಕಾಲು ತೊಳೆಯುತ್ತ ನಿಂತಿದ್ದರು. ಕೈಯಲ್ಲಿದ್ದ ಚೆಂಬು ಅಲ್ಲೇ ನಿಂತಿತು. ಉಳಿದ ನೀರನ್ನು ತುಳಸಿಕಟ್ಟೆಗೆ ಸುರುವಿ, ಬಂದ ದಾರಿಯಲ್ಲೇ ತಿರುಗಿ ಹೋದರು. ಕೇಳಿಸಿತೆಂದು ಸಂಗಮ್ಮನಿಗೆ ತಿಳಿಯಿತು. ಅವಳಿಗೆ ತಿಳಿಯಿತೆಂದು ಅವರಿಗೂ ತಿಳಿಯಿತು.

"ಅವನಿಗೆ ಹೇಳ್ರಿ," ಎಂದಳು ಅವಳು, ಮಧ್ಯಾಹ್ನ ಅವರು ಒಬ್ಬರೇ ಊಟಕ್ಕೆ ಕೂತಾಗ.

"ಏನಂತ ಹೇಳ್ಲಿ?"

"ಪಕ್ಕೀರಪ್ಪ ಹೇಳಿದ್ದನ್ನ."

"ಅಂವ ಗಣಿಯಾಗಿನ ಯಂತ್ರ ನೋಡಿದಾಂವ. ಮೋಟಾರಿಂದು ಅವಗೇನು ಗೊತ್ತು?"

"ಹೇಳಿ ನೋಡೂಣಲ್ಲ?"

"ಪಲ್ಲೆಕ್ಕ ಉಪ್ಪು ಕಡಿಮಿ ಐತಿ," ಎಂದರು ಮರಿಸ್ವಾಮಿ.

ಅವಳೇ ಮಗನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಗಂಡನ ತಪ್ಪನ್ನು ಮಗನ ಮುಂದೆ ಹರವುವುದು ಅವಳಿಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾಯಿ ಹೇಳಿದರೆ ಅದು ತಾಯಿಯ ಸಮಾಧಾನದ ಮಾತಾಗುತ್ತದೆ. ಹೊಡೆದವರೇ ಬಂದು ಸವರಬೇಕು. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದಳು. ಮರಿಸ್ವಾಮಿ ಕುಟುಕುವುದನ್ನು ನಿಲ್ಲಿಸಿದರು, ಅಷ್ಟೇ. ಮಗನ ಮುಖ ನೋಡುವುದನ್ನೂ ನಿಲ್ಲಿಸಿದರು.

ಆ ವಾರದಲ್ಲೇ ಒಂದು ಮುಂಜಾನೆ ಹಾಲಸ್ವಾಮಿ, "ಯವ್ವಾ, ಬಳ್ಳಾರಿಗೆ ಹೋಗಿ ಬರ್ತೀನಿ," ಎಂದ. ಗ್ಯಾಸ್ಕೆಟ್ಟು ಹುಡುಕಲು ಹೊರಟನೆಂದು ಸಂಗಮ್ಮ ಖುಷಿಪಟ್ಟು, ಸಜ್ಜೆರೊಟ್ಟಿಗೆ ಬೆಣ್ಣೆ ಸವರಿ, ಅಗಸಿ ಹಿಂಡಿ ಇಟ್ಟು ಬುತ್ತಿ ಕಟ್ಟಿಕೊಟ್ಟಳು. ಸಂಜೆ ಅವನು ಹಗುರಾಗಿ ಬಂದ. ಅಜ್ಜಿಯ ಹತ್ತಿರ ಕೂತು ಚೇಷ್ಟೆ ಮಾಡಿದ. ಚೆನ್ನಬಸಮ್ಮ ಮಾತ್ರ ಮರುದಿನ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಿದರೆ, "ಹಸಿ ಕಟ್ಟಿಗಿ ಅತ್ತಿ, ಹೊಗಿ," ಎಂದಳು.

ಸೋಮವಾರ ಪಕ್ಕೀರಪ್ಪ ಮತ್ತೆ ಬಂದಾಗ ಸಂಗಮ್ಮ ಅವನನ್ನು ಊಟಕ್ಕೆ ನಿಲ್ಲಿಸಿಕೊಂಡಳು. ಮೂರು ತಾಟು ಹಾಕಿದಳು. ಬಲತುದಿಗೆ ಮರಿಸ್ವಾಮಿ, ನಡುವೆ ಹಾಲಸ್ವಾಮಿ, ಈಚೆಗೆ ಪಕ್ಕೀರಪ್ಪ. ಆ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಬಡಿಸುವುದೆಂದರೆ ಯಜಮಾನರ ತಾಟಿನಿಂದ ಸುರು. ಅವರ ತಾಟಿಗೆ ಎಲ್ಲ ಬಿದ್ದ ಮೇಲೆ ಪಕ್ಕದವರಿಗೆ. ಸಂಗಮ್ಮ ಬುಟ್ಟಿ ಹಿಡಿದು ಬಂದವಳು ಗಂಡನನ್ನು ದಾಟಿ, ನಡುವೆ ನಿಂತು, ಮಗನ ತಾಟಿಗೆ ರೊಟ್ಟಿ ಹಾಕಿದಳು. ಎಣ್ಣೆಗಾಯಿ ಹಾಕಿದಳು. ತುಪ್ಪ ಹಾಕಿದಳು.

ಮೂಲೆಯಲ್ಲಿದ್ದ ಮುದುಕಮ್ಮ ಬಾಯಿಯ ಎಲೆಯಡಿಕೆ ಈಚೆ ತೆಗೆದಳು. "ಸಂಗೀ, ಕಣ್ಣು ಕಾಣವಲ್ದೇನು? ನನ್ನ ಮಗನ ತಾಟು ಬರಿದೈತಿ."

"ಕಾಣತಾವ ಅತ್ತಿ. ಇವತ್ತಿನಿಂದ ನಡುವಿನಿಂದಽ ಬಡಸ್ತೀನಿ. ಅಂಚಿನಿಂದ ಸುರು ಮಾಡಿದ್ರ ನಡುವಿಂದು ಸುಡತೈತಂತ."

ಪಕ್ಕೀರಪ್ಪ ತನ್ನ ಖಾಲಿ ತಾಟನ್ನೇ ನೋಡುತ್ತ ಕೂತ. ಹಾಲಸ್ವಾಮಿ ಅವ್ವನ ಮುಖ, ಅಪ್ಪನ ಮುಖ ಒಂದಾದ ಮೇಲೊಂದು ನೋಡಿದ. ಮರಿಸ್ವಾಮಿ ಎದ್ದುಬಿಡುತ್ತಾರೆ ಎಂದು ಸಂಗಮ್ಮ ಎಣಿಸಿದ್ದಳು. ಅವರು ಏಳಲಿಲ್ಲ. ಬರಿಯ ತಾಟನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರು.

"ತಗಡು ಚಲೋ ಇತ್ತಲೇ ಹಾಲ್ಯಾ," ಎಂದರು ಕೊನೆಗೆ. "ಕೆಡಿಸಿದ್ದು ನಾನು. ಅಂಚಿನಿಂದ ಸುತ್ತಿದ್ದು ತಪ್ಪು. ನಡುವಿನಿಂದ ಬಿಗೀಬೇಕಂತ. ನನಗ ಗೊತ್ತಾಗಿ ಭಾಳ ದಿನ ಆತು. ಹೇಳಾಕ ಬಾಯಿ ಬರ್ಲಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಈಗರೆ ಬಡಸ್ತೀಯೇನು?" ಎಂದರು.

ಸಂಗಮ್ಮ ಬಡಿಸಿದಳು. ಅವಳಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಆ ಬಾಯಿಂದ ತಪ್ಪು ನನ್ನದು ಎಂಬ ಮಾತು ಕೇಳಿದ್ದು ಅದೇ ಮೊದಲು. ಗೆದ್ದೆ ಎಂದುಕೊಂಡಳು.

ಹಾಲಸ್ವಾಮಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದ. "ಇದನ್ನ ಹೋದ ವಾರ ಅಂದಿದ್ರ..." ಎಂದು ನಿಲ್ಲಿಸಿದ. "ಬಳ್ಳಾರಿಗೆ ಹೋದಾಂವ ಮಿಲಿಟರಿಗೆ ಹೆಸರು ಕೊಟ್ಟು ಬಂದೀನ್ರಿ ಅಪ್ಪಾ."

"ತಿರುಗಿ ತಗೊಂಡ್ರಾತು."

"ಸಹಿ ಮಾಡೀನಿ. ಡಾಕ್ಟರ್ ನೋಡಿ ಆತು. ಬರೋ ಸೋಮವಾರದ ರೈಲಿಗೆ ಹೋಗಬೇಕು."

ಅಡಿಗೆಮನೆಯಿಂದ ಚೆನ್ನಬಸಮ್ಮ ಹೊರಗೆ ಬರಲಿಲ್ಲ. ಅವಳಿಗೆ ಆಗಲೇ ಗೊತ್ತಿತ್ತು. ಸಂಗಮ್ಮನ ಕಣ್ಣ ಮುಂದೆ ತಾನು ಕಟ್ಟಿಕೊಟ್ಟ ಬುತ್ತಿ ಬಂತು. ಬೆಣ್ಣೆ ಸವರಿ ಕಳಿಸಿದ್ದಳು. ಒಂದು ಮಾತು ಹೇಳಿ ಕಳಿಸಿರಲಿಲ್ಲ.

ಉಳಿದ ದಿನಗಳಲ್ಲಿ ಅಪ್ಪ ಮಗ ಹಿತ್ತಲಲ್ಲೇ ಇದ್ದರು. ತಗಡನ್ನು ಮತ್ತೆ ಕಾಸಿ ಅದ್ದಿದರು. ಹಾಲಸ್ವಾಮಿ ಬೆರಳು ತೋರಿಸಿದ ನಟ್ಟನ್ನು ಮರಿಸ್ವಾಮಿ ಬಿಗಿದರು. ನಡುವಿನದು ಸ್ವಲ್ಪ, ಅದರ ಆಚೆಯದು ಸ್ವಲ್ಪ, ಈಚೆಯದು ಸ್ವಲ್ಪ, ಮತ್ತೆ ನಡುವಿನದು. "ಸಾಕೇನು?" ಎಂದು ಪ್ರತಿಸಲ ಕೇಳುತ್ತಿದ್ದರು. "ಇನ್ನೊಂದು ಚೂರು, ಅಪ್ಪಾ." ಇಂಜಿನ್ನು ಬಿಸಿಯಾದ ಮೇಲೆ ಇನ್ನೊಮ್ಮೆ ಬಿಗಿದರು. ಹೊಗೆ ಬರಲಿಲ್ಲ, ನೀರು ಕುದಿಯಲಿಲ್ಲ. ಮುದುಕಮ್ಮ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಹಂಪಿಗೆ ಹೋಗಿ ಬಂದಳು. ಮೊಮ್ಮಗ ದಾರಿಯುದ್ದಕ್ಕೂ ಹಾಡು ಹೇಳಿದನೆಂದು ಬಂದು ಹೇಳಿದಳು.

ಸೋಮವಾರ ಅವನು ತನ್ನ ಮೋಟಾರಿನಲ್ಲೇ ಸ್ಟೇಷನ್ನಿಗೆ ಹೋಗಬೇಕು ಎಂದು ಮರಿಸ್ವಾಮಿ ಹಟ ಹಿಡಿದರು.

"ತಿರುಗಿ ತರೋರು ಯಾರು?" ಎಂದಳು ಸಂಗಮ್ಮ. ಗಾಡಿ ನಡೆಸಬಲ್ಲವರು ಊರಲ್ಲಿ ಉಳಿದಿರಲಿಲ್ಲ.

"ಅದನ್ನ ನಾ ನೋಡ್ಕೊಂತೀನಿ."

ರೈಲು ಹೋಯಿತು. ಕಂಬ ಹಿಡಿದು ನಿಂತಿದ್ದ ಚೆನ್ನಬಸಮ್ಮನನ್ನು ಸಂಗಮ್ಮ ತೋಳು ಹಿಡಿದು ಹೊರಗೆ ಕರೆತಂದಳು. ಹೊರಗೆ ಪಾಲಪ್ಪ ಅಂಗಡಿಯ ಜೋಡೆತ್ತುಗಳನ್ನು ಮೋಟಾರಿನ ಮೂತಿಗೆ ಹಗ್ಗದಿಂದ ಹೂಡಿ ನಿಂತಿದ್ದ. ಅತ್ತೆ ಸೊಸೆ ಹಿಂದೆ ಕೂತರು. ಮರಿಸ್ವಾಮಿ ಮುಂದೆ ಮಗನ ಜಾಗದಲ್ಲಿ ಕೂತು, ಹಿಂದಿನ ದಿನ ಮಗ ಹೇಳಿಕೊಟ್ಟಿದ್ದ ಹಾಗೆ ಎರಡೂ ಕೈಯಿಂದ ಚಕ್ರ ಹಿಡಿದರು. "ಎಡಕ್ಕ ತಿರುವ್ರಿ," ಎಂದರೆ ಎಡಕ್ಕೆ, "ನೆಟ್ಟಗ ಹಿಡೀರಿ," ಎಂದರೆ ನೆಟ್ಟಗೆ. ಪಾಲಪ್ಪ ಹೇಳಿದ ಒಂದು ಮಾತಿಗೂ ಮರಿಸ್ವಾಮಿ ಎದುರಾಡಲಿಲ್ಲ. ಬಜಾರಿನ ಜನ ಅಂಗಡಿಯಿಂದ ಇಳಿದು ಬಂದು ನೋಡಿದರು.

"ಮತ್ತ ಕೆಟ್ಟೈತೇನ್ರಿ?" ಎಂದು ಒಬ್ಬ ಕೂಗಿ ಕೇಳಿದ.

"ಕೆಟ್ಟಿಲ್ಲಪ್ಪಾ," ಎಂದರು ಮರಿಸ್ವಾಮಿ, ಚಕ್ರದಿಂದ ಕಣ್ಣು ತೆಗೆಯದೆ. "ಭಾಳ ಚಲೋ ಐತಿ. ನಡಸಾಂವನ್ನ ನಾನಽ ಕಳಿಸಿಬಿಟ್ಟೆ."